ವಿಮಾನಯಾನದಲ್ಲಿ ಹೊರೆ ಮತ್ತು ಸುಖ

ದೂರಪ್ರಯಾಣವೆಂದರೆ ನಮ್ಮ ಜನಕ್ಕೆ ಮೊದಲು ನೆನಪಿಗೆ ಬರುವುದು ಗಂಟುಮೂಟೆ. ದಾರಿಯಲ್ಲಿ ಏನು ಬೇಕಾದೀತೋ, ಹೋದೆಡೆಯಲ್ಲಿ ಏನು ದೊರೆಯದೆ ಹೋದೀತೋ ಎಂಬ ಶಂಕೆಯಿಂದ ಒಂದೊಂದಾಗಿ ಸೇರಿಸಿದ ಪದಾರ್ಥಗಳು ಕೊನೆಗೆ ಪೆಟ್ಟಿಗೆಯ ಮುಚ್ಚಳವನ್ನೇ ಮುಚ್ಚಗೊಡುವುದಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿಯೂ ರೈಲುಬಂಡಿಯ ಕಾಲದಲ್ಲಿಯೂ ಈ ಎಚ್ಚರಿಕೆಗೆ ಅರ್ಥವಿದ್ದಿತು. ಹಾಸಿಗೆಯ ಸುರುಳಿ, ನೀರಿನ ಹೂಜಿ, ಬುತ್ತಿಯ ಗಂಟು ಇವು ಪ್ರಯಾಣಿಕನ ಕಷ್ಟವನ್ನು ನಿಜವಾಗಿಯೂ ಕಡಿಮೆ ಮಾಡುತ್ತಿದ್ದುವು. ಹದಿನೈದು ಹದಿನಾರು ಗಂಟೆಗಳ ಕಾಲ ಆಕಾಶದಲ್ಲಿ ಕುಳಿತು ಸಾಗುವ ಇಂದಿನ ಯಾತ್ರಿಕನಿಗೂ ಅದೇ ನ್ಯಾಯ ಸಲ್ಲುವುದೇ? ಸಲ್ಲದೆಂದೇ ನಮ್ಮ ಅಭಿಪ್ರಾಯ. ಅಲ್ಲಿ ದೇಹಕ್ಕೆ ಒದಗುವ ಕಷ್ಟಗಳ ಮೂಲವನ್ನು ಭೌತವಿಜ್ಞಾನದ ಬೆಳಕಿನಲ್ಲಿ ನೋಡಿದರೆ, ಪೆಟ್ಟಿಗೆಯಲ್ಲಿ ತುಂಬಿದ ಯಾವ ಭಾರವೂ ಅವುಗಳನ್ನು ನಿವಾರಿಸಲಾರದು, ಕೆಲವನ್ನು ಹೆಚ್ಚಿಸುವುದೂ ಉಂಟು ಎಂಬುದು ತಿಳಿಯುತ್ತದೆ.

ಈ ವಿಚಾರ ನಮ್ಮ ತರುಣ ಓದುಗರಿಗೆ ದೂರದ್ದೇನೂ ಅಲ್ಲ. ೧೯೪೮ರ ಜೂನ್ ೮ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಅದು ಕೈರೋದಲ್ಲಿಯೂ ಜಿನೀವಾದಲ್ಲಿಯೂ ಇಳಿದು ಹೋಗಬೇಕಾಗಿದ್ದಿತು. ೨೦೨೧ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ಹೊರಟ ವಿಮಾನವೊಂದು, ಚಾಲಕರೆಲ್ಲರೂ ಮಹಿಳೆಯರೇ ಆಗಿದ್ದು, ಉತ್ತರ ಧ್ರುವದ ಮೇಲಿಂದ ಹಾಯ್ದು, ಎಲ್ಲಿಯೂ ನಿಲ್ಲದೆ ಬೆಂಗಳೂರಿನಲ್ಲಿ ಬಂದಿಳಿಯಿತು. ಈ ಎರಡು ಊರುಗಳ ನಡುವಣ ದೂರ ಸುಮಾರು ೧೪,೦೦೦ ಕಿಲೋಮೀಟರ್. ಯಂತ್ರಕೌಶಲದ ದೃಷ್ಟಿಯಿಂದ ಇದು ಮಹತ್ತಾದ ಸಾಧನೆಯೇ ಸರಿ. ಆದರೆ ಹಿಂದಿನ ಯಾತ್ರಿಕನು ಕೈರೋದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದನು. ಇಂದಿನವನಿಗೆ ಆ ಅವಕಾಶ ತಾನಾಗಿ ಒದಗುವುದಿಲ್ಲ. ವಿಮಾನದ ಶಕ್ತಿ ಬೆಳೆದಂತೆ ಪ್ರಯಾಣಿಕನ ನಿಶ್ಚಲತೆಯೂ ಬೆಳೆದಿದೆ. ಉನ್ನತ ವ್ಯಾಸಂಗಕ್ಕಾಗಿ ಹೊರದೇಶಗಳಿಗೆ ಹೋಗುವ ವಿದ್ಯಾರ್ಥಿಗಳೂ, ಅವರನ್ನು ನೋಡಲು ಮುಪ್ಪಿನಲ್ಲಿ ಸಮುದ್ರ ದಾಟುವ ತಂದೆತಾಯಿಗಳೂ ಇದನ್ನು ಅರಿತಿರುವುದು ಅವಶ್ಯಕ.

ಮೊದಲನೆಯ ಕಷ್ಟ ತೆಳುವಾದ ಗಾಳಿಯದು. ವಿಮಾನವು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಕಾಲುಭಾಗಕ್ಕಿಂತಲೂ ಕಡಿಮೆ. ಅಲ್ಲಿ ಉಸಿರಾಡಿ ಬದುಕುವುದು ಅಸಾಧ್ಯವಾದುದರಿಂದ ಪ್ರಯಾಣಿಕರ ಕೋಣೆಗೆ ಗಾಳಿಯನ್ನು ಅದುಮಿ ತುಂಬುತ್ತಾರೆ. ಆದರೆ ನೆಲದ ಮೇಲಿನಷ್ಟೇ ಒತ್ತಡವನ್ನು ಒಳಗೆ ಕಾಯ್ದುಕೊಳ್ಳಬೇಕಾದರೆ ವಿಮಾನದ ಒಡಲನ್ನು ಇನ್ನಷ್ಟು ದಪ್ಪವಾಗಿ, ಎಂದರೆ ಇನ್ನಷ್ಟು ಭಾರವಾಗಿ ಕಟ್ಟಬೇಕಾಗುವುದು. ಆದುದರಿಂದ ಒಂದು ರಾಜಿ ಮಾಡಿಕೊಂಡಿದ್ದಾರೆ. ಒಳಗಿನ ಒತ್ತಡ ಸುಮಾರು ೨,೪೦೦ ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕಿಂತ ಕಡಿಮೆಯಾಗಬಾರದೆಂಬುದು ನಿಯಮ. ಇದು ಉದಕಮಂಡಲಕ್ಕಿಂತಲೂ ತುಸು ಎತ್ತರ. ಬೋಯಿಂಗ್ ೭೮೭, ಏರ್‌ಬಸ್ ಎ-೩೫೦ ಮುಂತಾದ ಹೊಸ ವಿಮಾನಗಳಲ್ಲಿ ಈ ಮಟ್ಟವನ್ನು ಸುಮಾರು ೧,೮೦೦ ಮೀಟರಿಗೆ ಇಳಿಸಿದ್ದಾರೆ. ಇದು ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ಸ್ವಲ್ಪ ಕೆಳಗೆ. ಹೀಗೆ ದೀರ್ಘ ವಿಮಾನಯಾನವೆಂದರೆ ಬೆಟ್ಟದ ತುದಿಯಲ್ಲಿ ಒಂದು ಹಗಲು ಅಥವಾ ಒಂದು ರಾತ್ರಿ ಕುಳಿತಿದ್ದಂತೆ.

ಇದರಿಂದ ಎರಡು ಪರಿಣಾಮಗಳುಂಟು. ಒಂದು, ಉಸಿರಿನೊಡನೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಆರೋಗ್ಯವಂತರು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸ್ವಲ್ಪ ಬಳಲಿಕೆ ತೋರಬಹುದು, ಅಷ್ಟೆ. ಹೃದಯ, ಶ್ವಾಸಕೋಶಗಳ ರೋಗವುಳ್ಳವರು ಮಾತ್ರ ಹೊರಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಎರಡನೆಯದು ಬಾಯ್ಲನ ನಿಯಮದಿಂದ ತಿಳಿಯುವಂಥದು. ಒತ್ತಡ ಮುಕ್ಕಾಲು ಭಾಗಕ್ಕೆ ಇಳಿದರೆ ಅನಿಲದ ಗಾತ್ರ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಚಕ್ಕುಲಿಯ ಪೊಟ್ಟಣ ವಿಮಾನದಲ್ಲಿ ಉಬ್ಬುವುದೂ, ಅರೆತುಂಬಿದ ಉಪ್ಪಿನಕಾಯಿಯ ಶೀಸೆಯಿಂದ ಎಣ್ಣೆ ಹೊರಕ್ಕೆ ಜಿನುಗುವುದೂ, ಹೊಟ್ಟೆ ಉಬ್ಬರಿಸುವುದೂ ಒಂದೇ ನಿಯಮಕ್ಕೆ ಒಳಪಟ್ಟ ಸಂಗತಿಗಳು. ಸಾಮಾನಿನ ಕೋಣೆಯ ಗಾಳಿಯೂ ಪ್ರಯಾಣಿಕರ ಕೋಣೆಯ ಗಾಳಿಯಷ್ಟೇ ತೆಳುವಾದುದು. ಇದಕ್ಕೆ ಪರಿಹಾರವೇನು? ಹೊರಡುವ ಮುನ್ನ ಮಿತವಾದ ಊಟ, ನಡುವನ್ನು ಬಿಗಿಯದ ಉಡುಪು, ವಿಮಾನ ಇಳಿಯುವಾಗ ಕಿವಿಯ ಒತ್ತಡ ಸರಿಹೊಂದಲು ಆಗಾಗ ಉಗುಳು ನುಂಗುವುದು. ಇವುಗಳಲ್ಲಿ ಒಂದಕ್ಕಾದರೂ ತೂಕವಿಲ್ಲ.

ಎರಡನೆಯ ಕಷ್ಟ ಶುಷ್ಕತೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು ೫೬ ಡಿಗ್ರಿ ಸೆಂಟಿಗ್ರೇಡ್ ಕೆಳಗಿರುತ್ತದೆ. ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರಾವಿ ಇರುವುದು ಇಲ್ಲವೆನ್ನುವಷ್ಟು ಅಲ್ಪ. ಆ ಗಾಳಿಯನ್ನೇ ಒಳಗೆಳೆದು, ಅದುಮಿ, ಕೋಣೆಯ ಹದಕ್ಕೆ ತಂದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ ಒಂದನ್ನೂ ಮುಟ್ಟದು. ಆದರೂ ಕೋಣೆಯಲ್ಲಿ ಶೇಕಡಾ ೧೦ರಿಂದ ೨೦ರವರೆಗೆ ಆರ್ದ್ರತೆ ಕಂಡುಬರುವುದಕ್ಕೆ ಕಾರಣ ಬಹುಮಟ್ಟಿಗೆ ಪ್ರಯಾಣಿಕರ ಉಸಿರು ಮತ್ತು ಬೆವರು. ಮೂಗು ಒಣಗುವುದು, ಕಣ್ಣು ಉರಿಯುವುದು, ತುಟಿ ಬಿರಿಯುವುದು ಇವೆಲ್ಲ ಇದರ ಫಲ. ಸೀಸೆಗಟ್ಟಲೆ ನೀರು ಕುಡಿದರೆ ಈ ಬಾಧೆ ಪೂರ್ತಿ ಹೋದೀತೆಂಬ ನಂಬಿಕೆ ಸರಿಯಲ್ಲ. ಮೂಗು ಕಣ್ಣುಗಳು ಒಣಗುವುದು ಆಯಾ ಸ್ಥಳದಲ್ಲಿ ತೇವ ಆರಿಹೋಗುವುದರಿಂದ. ದೇಹದಲ್ಲಿ ನೀರು ಬತ್ತಿಹೋಯಿತೆಂಬುದು ಅದರ ಅರ್ಥವಲ್ಲ. ಬಾಯಾರಿದಾಗಲೆಲ್ಲ ನೀರು ಕುಡಿಯುವುದು, ಮದ್ಯವನ್ನು ಬಿಡುವುದು, ಕಣ್ಣಿನೊಳಗೆ ಮಸೂರ ಧರಿಸುವವರು ಅದನ್ನು ತೆಗೆದು ಕನ್ನಡಕ ಹಾಕಿಕೊಳ್ಳುವುದು, ತುಟಿಗೆ ಚೂರು ಮುಲಾಮು ಹಚ್ಚುವುದು, ಇಷ್ಟು ಸಾಕು. ಖಾಲಿ ಸೀಸೆಯೊಂದನ್ನು ಕೈಚೀಲದಲ್ಲಿ ಒಯ್ದು ತಪಾಸಣೆ ಮುಗಿದ ಮೇಲೆ ತುಂಬಿಕೊಂಡರೆ ಅಷ್ಟರಮಟ್ಟಿಗೆ ಹೊರೆಯೂ ಉಳಿಯಿತು.

ಮೂರನೆಯ ಕಷ್ಟವೇ ಎಲ್ಲಕ್ಕಿಂತ ಗಂಭೀರವಾದುದು. ಅದು ಕದಲದೆ ಕುಳಿತಿರುವುದರಿಂದ ಬರತಕ್ಕದ್ದು. ಹೃದಯಕ್ಕೂ ಅಂಗಾಲಿಗೂ ನಡುವೆ, ಕುಳಿತಾಗ, ಲಂಬವಾಗಿ ಸುಮಾರು ೯೦ ಸೆಂಟಿಮೀಟರ್ ಅಂತರವಿರುವುದೆಂದು ಇಟ್ಟುಕೊಳ್ಳೋಣ. ಅಷ್ಟು ಎತ್ತರದ ರಕ್ತದ ಕಂಬ ಕಾಲಿನ ಅಭಿಧಮನಿಗಳ ಮೇಲೆ ಪಾದರಸದ ಸುಮಾರು ೭೦ ಮಿಲಿಮೀಟರಿನಷ್ಟು ಒತ್ತಡವನ್ನು ಹೇರುತ್ತದೆ. ಕೆಳಗಿನ ರಕ್ತವನ್ನು ಮೇಲಕ್ಕೆ ನೂಕುವುದು ಹೃದಯವೊಂದರಿಂದಲೇ ಸಮರ್ಪಕವಾಗಿ ಆಗದ ಕೆಲಸ. ಮೀನಖಂಡದ ಸ್ನಾಯುಗಳು ಬಿಗಿದು ಸಡಿಲುವಾಗ ಅಭಿಧಮನಿಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ಕಳುಹಿಸುತ್ತವೆ. ಅಭಿಧಮನಿಗಳೊಳಗಿನ ಕವಾಟಗಳು ಅದನ್ನು ಮರಳಿ ಬೀಳದಂತೆ ತಡೆಯುತ್ತವೆ. ನಡೆಯುವವನಲ್ಲಿ ಈ ಎರಡನೆಯ ಪಂಪು ಸದಾ ಕೆಲಸಮಾಡುತ್ತಿರುವುದು. ಗಂಟೆಗಟ್ಟಲೆ ಕುಳಿತವನಲ್ಲಿ ಅದು ನಿಂತುಹೋಗಿ, ಪಾದ ಊದಿಕೊಂಡು, ಒಮ್ಮೊಮ್ಮೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ.

ಇದು ಎತ್ತರದ ದೋಷವೆಂದು ತಿಳಿಯಬಾರದು. ೧೯೪೦ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ಆಶ್ರಯಗೃಹಗಳಲ್ಲಿ ರಾತ್ರಿಯೆಲ್ಲ ಕುರ್ಚಿಗಳಲ್ಲಿ ಕುಳಿತು ಕಳೆದವರಲ್ಲಿ ಕೆಲವರು ಇದೇ ಕಾರಣದಿಂದ ಸತ್ತುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ವರದಿಮಾಡಿದರು. ೧೯೫೪ರಲ್ಲಿ ಅಮೆರಿಕದ ಜಾನ್ ಹೋಮನ್ಸ್ ಅವರು, ದೀರ್ಘಕಾಲ ಕುಳಿತುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಸಂಗಗಳನ್ನು ಪ್ರಕಟಿಸಿದಾಗ ಅವುಗಳಲ್ಲಿ ವಿಮಾನ ಪ್ರಯಾಣಿಕರೊಬ್ಬರ ಪ್ರಸಂಗವೂ ಸೇರಿದ್ದಿತು. ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ಹೊರತಂದ ವರದಿಯ ಪ್ರಕಾರ, ನಾಲ್ಕು ಗಂಟೆಗೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಬಸ್ಸು, ಕಾರು, ರೈಲುಗಳಿಗೂ ಈ ಮಾತು ಅನ್ವಯಿಸುತ್ತದೆ. ಇಮ್ಮಡಿಯಾದರೂ ಅದು ಸುಮಾರು ೬,೦೦೦ ಪ್ರಯಾಣಿಕರಲ್ಲಿ ಒಬ್ಬರಿಗೆ ಬರತಕ್ಕದ್ದು. ಹೆದರಬೇಕಾದ ಕಾರಣವಿಲ್ಲ, ಅಲಕ್ಷಿಸಲು ಸಹ ಕಾರಣವಿಲ್ಲ. ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು, ಸ್ಥೂಲಕಾಯರು ವೈದ್ಯರ ಸಲಹೆ ಪಡೆಯತಕ್ಕದ್ದು.

ಹೊರೆಗೂ ಸುಖಕ್ಕೂ ಇರುವ ನೇರವಾದ ಸಂಬಂಧ ಇಲ್ಲಿಯೇ ಕಾಣಿಸುತ್ತದೆ. ಸಾಮಾನ್ಯ ದರ್ಜೆಯ ಅನೇಕ ವಿಮಾನಗಳಲ್ಲಿ ಒಂದು ಆಸನಕ್ಕೂ ಮುಂದಿನದಕ್ಕೂ ನಡುವಣ ಅಂತರ ೮೦ ಸೆಂಟಿಮೀಟರಿನ ಆಸುಪಾಸು. ಆಸನದ ಬೆನ್ನು, ದಿಂಬುಗಳ ದಪ್ಪವೂ ಅದರಲ್ಲಿಯೇ ಸೇರಿದೆ. ಕಾಲಿಗೆ ಉಳಿದಿರುವ ಏಕೈಕ ಚಾಚುತಾಣವೆಂದರೆ ಮುಂದಿನ ಆಸನದ ಅಡಿ. ಅಲ್ಲಿಗೆ ಉಬ್ಬಿದ ಕೈಚೀಲವನ್ನು ತುರುಕಿದೆವೆಂದರೆ ಕಣಕಾಲನ್ನು ತಿರುಗಿಸಲೂ ಎಡೆಯಿರದು. ಹದಿನಾರು ಗಂಟೆಗಳಲ್ಲಿ ಒಮ್ಮೆಯೂ ತೆರೆಯದ ಚೀಲಕ್ಕೆ ಪಾದಗಳ ಜಾಗವನ್ನು ಬಿಟ್ಟುಕೊಟ್ಟು, ಬಳಿಕ ಕಾಲು ಊದಿತೆಂದು ಮರುಗುವುದರಲ್ಲಿ ಏನರ್ಥ? ಗಂಟೆಗೊಮ್ಮೆ ಹಿಮ್ಮಡಿಯನ್ನೂ ಬೆರಳುಗಳನ್ನೂ ಸರದಿಯಂತೆ ಎತ್ತಿ ಇಳಿಸುವುದು, ಅವಕಾಶವಾದಾಗ ಎದ್ದು ನಡೆದಾಡುವುದು, ವೈದ್ಯರು ಹೇಳಿದಲ್ಲಿ ಮೀನಖಂಡವನ್ನು ಹಿತವಾಗಿ ಒತ್ತುವ ಕಾಲುಚೀಲ ಧರಿಸುವುದು, ಇವೇ ಮುಖ್ಯವಾದ ರಕ್ಷಣೆ.

ನಾಲ್ಕನೆಯದು ಗಡಿಯಾರದ ಕಷ್ಟ. ಚಳಿಗಾಲದಲ್ಲಿ ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ಹದಿಮೂರೂವರೆ ಗಂಟೆಗಳ ಅಂತರ. ನಮ್ಮ ದೇಹದ ಒಳಗಡಿಯಾರ ಕೈಗಡಿಯಾರದಂತೆ ಮುಳ್ಳು ತಿರುಗಿಸಿದೊಡನೆ ಹೊಂದಿಕೊಳ್ಳುವುದಿಲ್ಲ. ಕಣ್ಣನ್ನು ಹೊಗುವ ಬೆಳಕನ್ನು ಅನುಸರಿಸಿ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. ಇಳಿದ ಊರಿನ ಹಗಲಿನಲ್ಲಿ ಬಯಲಿಗೆ ಬರುವುದು, ಅಲ್ಲಿಯ ರಾತ್ರಿಯಲ್ಲಿ ಕತ್ತಲೆಯಲ್ಲಿ ಮಲಗುವುದು ಇದಕ್ಕೆ ಮದ್ದು. ವಿಮಾನದಲ್ಲಿ ನಿದ್ರೆಗೆ ನೆರವಾಗುವುದು ಕಣ್ಣಿಗೆ ಕಟ್ಟುವ ಕಪ್ಪುಪಟ್ಟಿ, ಯಂತ್ರದ ಮೊರೆತವನ್ನು ತಗ್ಗಿಸುವ ಕಿವಿಬಿರಟೆ. ಇಲ್ಲಿಯವರೆಗೆ ನಾವು ಹೆಸರಿಸಿದ ವಸ್ತುಗಳನ್ನೆಲ್ಲ ತಕ್ಕಡಿಗೆ ಹಾಕಿದರೂ ಒಂದು ಕಿಲೋಗ್ರಾಮ್ ತೂಗಲಾರವು. ನಿಜವಾಗಿ ಉಪಕರಿಸುವ ವಸ್ತುಗಳೆಲ್ಲ ಹಗುರವಾದುವೇ!

ಇನ್ನು ಭಾರದ ಲೆಕ್ಕವನ್ನು ನೋಡೋಣ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಮಾಡಬಹುದು. ಒಳ್ಳೆಯ ವಿಮಾನವೊಂದು ತನ್ನ ತೂಕದ ಇಪ್ಪತ್ತನೆಯ ಒಂದು ಪಾಲಿನಷ್ಟು ವಾಯುಪ್ರತಿರೋಧವನ್ನು ಎದುರಿಸಿ ಮುಂದುವರಿಯುತ್ತದೆ. ಒಂದು ಕಿಲೋಗ್ರಾಮಿನ ತೂಕ ಸುಮಾರು ೧೦ ನ್ಯೂಟನ್. ಅದರ ಇಪ್ಪತ್ತನೆಯ ಪಾಲು ಅರ್ಧ ನ್ಯೂಟನ್. ಇದನ್ನು ೧೪,೦೦೦ ಕಿಲೋಮೀಟರ್, ಎಂದರೆ ೧ ಕೋಟಿ ೪೦ ಲಕ್ಷ ಮೀಟರ್ ದೂರ ನೂಕಲು ೭೦ ಲಕ್ಷ ಜೂಲ್ ಕೆಲಸವಾಗಬೇಕು. ಒಂದು ಕಿಲೋಗ್ರಾಮ್ ಇಂಧನ ಉರಿದರೆ ಸುಮಾರು ೪ ಕೋಟಿ ೩೦ ಲಕ್ಷ ಜೂಲ್ ಶಕ್ತಿ ದೊರೆಯುತ್ತದೆ; ಅದರಲ್ಲಿ ಮೂರನೆಯ ಒಂದು ಪಾಲನ್ನು ತುಸು ಮೀರಿ, ಎಂದರೆ ಸುಮಾರು ಒಂದೂವರೆ ಕೋಟಿ ಜೂಲ್ ಮಾತ್ರ ನೂಕುವ ಕೆಲಸಕ್ಕೆ ಒದಗುತ್ತದೆ. ಹೀಗೆ ಒಂದು ಕಿಲೋಗ್ರಾಮ್ ಸಾಮಾನಿಗೆ ಹೆಚ್ಚುಕಡಿಮೆ ಅರ್ಧ ಕಿಲೋಗ್ರಾಮ್ ಇಂಧನ ಬೇಕಾಯಿತು. ಆ ಇಂಧನವನ್ನು ಹೊರಲೂ ಇಂಧನ ಬೇಕಾಗುವುದರಿಂದ ನಿಜವಾದ ಅಂಕೆ ಅರ್ಧವನ್ನು ಸ್ವಲ್ಪ ಮೀರುತ್ತದೆ. ಇಪ್ಪತ್ತು ಕಿಲೋಗ್ರಾಮಿನ ಪೆಟ್ಟಿಗೆ ಹತ್ತು ಕಿಲೋಗ್ರಾಮಿಗೂ ಹೆಚ್ಚು ಇಂಧನವನ್ನು ನುಂಗಿ, ಮೂವತ್ತು ಕಿಲೋಗ್ರಾಮಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಆಕಾಶದಲ್ಲಿ ಬಿಡುತ್ತದೆ.

ಇಷ್ಟರಿಂದಲೇ ಪೆಟ್ಟಿಗೆ ಹಗುರವಾದರೆ ಭೂಮಿ ಉಳಿದೀತೆಂದು ನಾವು ಸಾರುವುದಿಲ್ಲ. ಪ್ರತಿಯೊಂದು ಆಸನದ ಪಾಲಿಗೆ ಬರುವ ವಿಮಾನದ ಸ್ವಂತ ತೂಕವೇ ಕೆಲವು ನೂರು ಕಿಲೋಗ್ರಾಮ್. ಅದರ ಮುಂದೆ ನಮ್ಮ ಪೆಟ್ಟಿಗೆ ಚಿಕ್ಕದು. ಹೋಗುವುದೋ ಬಿಡುವುದೋ ಎಂಬ ತೀರ್ಮಾನ, ಎಷ್ಟು ಹೊರುವುದು ಎಂಬ ತೀರ್ಮಾನಕ್ಕಿಂತ ದೊಡ್ಡದು. ಆದರೂ ೨೪೦ ಜನ ತಲಾ ಹತ್ತು ಕಿಲೋಗ್ರಾಮ್ ಬಿಟ್ಟು ಬಂದರೆ ಒಂದು ಪ್ರಯಾಣದಲ್ಲಿ ಒಂದು ಟನ್ನಿಗೂ ಹೆಚ್ಚು ಇಂಧನ ಉಳಿಯುತ್ತದೆ. ಅದನ್ನು ಅಲ್ಪವೆಂದು ಹೇಗೆ ಹೇಳೋಣ?

ತೂಕವನ್ನು ನಾವು ಮರೆಯುವುದಕ್ಕೆ ಇನ್ನೊಂದು ಕಾರಣವುಂಟು. ಸೂಟ್‌ಕೇಸಿಗೆ ಚಕ್ರ ಹಚ್ಚುವ ಉಪಾಯಕ್ಕೆ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬುವರು ಹಕ್ಕುಪತ್ರ ಪಡೆದುದು ೧೯೭೨ರಲ್ಲಿ. ಮಾನವನು ಚಂದ್ರನ ಮೇಲೆ ಕಾಲಿಟ್ಟ ಮೂರು ವರ್ಷಗಳ ಮೇಲೆ! ಚಕ್ರವು ಘರ್ಷಣೆಯನ್ನು ಕಡಿಮೆಮಾಡಿತೇ ಹೊರತು ತೂಕವನ್ನಲ್ಲ. ಹಿಂದೆ ತೋಳು ಕೊಡುತ್ತಿದ್ದ ಎಚ್ಚರಿಕೆ ಈಗ ನುಣುಪಾದ ನೆಲದ ಮೇಲೆ ಕೇಳಿಸುವುದಿಲ್ಲ. ಆದರೆ ಮೆಟ್ಟಿಲು ಬಂದೊಡನೆ ಅದು ನಮಗೆ ಮತ್ತೆ ತಿಳಿಯುತ್ತದೆ. ವಿಮಾನದ ಒಡಲಿಗೆ ಪೆಟ್ಟಿಗೆಗಳನ್ನು ಎತ್ತಿ ಪೇರಿಸುವ ಕಾರ್ಮಿಕನಿಗಾದರೋ ದಿನವೆಲ್ಲ ತಿಳಿಯುತ್ತಿರುತ್ತದೆ. ಒಂದೊಂದು ಪೆಟ್ಟಿಗೆ ೩೨ ಕಿಲೋಗ್ರಾಮ್ ಮೀರಬಾರದೆಂದು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ವಿಧಿಸಿರುವ ಮಿತಿ ಆತನ ಬೆನ್ನನ್ನು ಕಾಯುವುದಕ್ಕಾಗಿ.

ಹೊರೆಯ ಮೋಹ ಪ್ರಾಣಕ್ಕೆ ಎರವಾಗುವ ಗಳಿಗೆಯೂ ಒಂದುಂಟು. ಅಪಘಾತವಾದಾಗ, ಬಾಗಿಲುಗಳಲ್ಲಿ ಅರ್ಧದಷ್ಟೇ ತೆರೆದರೂ ವಿಮಾನದಲ್ಲಿರುವವರೆಲ್ಲರೂ ೯೦ ಸೆಕೆಂಡುಗಳಲ್ಲಿ ಹೊರಬರುವಂತಿರಬೇಕೆಂಬುದು ವಿಮಾನರಚನೆಯ ನಿಯಮ. ತಲೆಯ ಮೇಲಣ ಗೂಡಿನಿಂದ ಪೆಟ್ಟಿಗೆ ಇಳಿಸಲು ಒಬ್ಬನು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ೨೦೨೪ರ ಜನವರಿ ೨ರಂದು ಟೋಕಿಯೋ ನಗರದ ಹನೇಡ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವೊಂದು ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ಮೃತರಾದರು. ದೊಡ್ಡ ವಿಮಾನದ ೩೭೯ ಮಂದಿಯೂ ಜೀವಸಹಿತ ಹೊರಬಂದರು. ಪರಿಚಾರಕರ ಮಾತನ್ನು ಮನ್ನಿಸಿ ಪ್ರಯಾಣಿಕರು ಸಾಮಾನನ್ನು ಬಿಟ್ಟುಬಂದುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಎಲ್ಲರೂ ಕೊಂಡಾಡಿದರು. ಬಿಡಲಾರದಂಥದು ಪೆಟ್ಟಿಗೆಯಲ್ಲಿ ಕಡಿಮೆಯಿದ್ದಷ್ಟೂ ಅಂಥ ಹೊತ್ತಿನಲ್ಲಿ ಬಿಡುವುದು ಸುಲಭ. ಗುರುತಿನ ಪತ್ರಗಳೂ ದಿನನಿತ್ಯದ ಔಷಧಿಯೂ ಮೈಮೇಲಿನ ಜೇಬಿನಲ್ಲಿದ್ದರೆ ಇನ್ನೂ ಸುಲಭ.

ಹಾಗಾದರೆ ಒಯ್ಯತಕ್ಕದ್ದೇನು? ದಪ್ಪವಾದ ಒಂದು ಕಂಬಳಿಯಂಗಿಗಿಂತ ತೆಳುವಾದ ಎರಡು ಅಂಗಿಗಳು ಮೇಲು. ಚಳಿಯನ್ನು ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ. ಬಿಡಿ ಲಿಥಿಯಂ ಬ್ಯಾಟರಿಯನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲಿಯೇ ಇಡಬೇಕು, ಏಕೆಂದರೆ ಅವು ಹೊತ್ತಿಕೊಂಡರೆ ಜನರ ಕಣ್ಣಿಗೆ ಬೀಳುವಲ್ಲಿ ಆರಿಸಬಹುದು. ೧೦೦ ವಾಟ್-ಗಂಟೆಯವರೆಗಿನವಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಿಲ್ಲ. ಅದರ ಮೇಲೆ ೨೦,೦೦೦ ಮಿಲಿಆಂಪಿಯರ್-ಗಂಟೆ, ೩.೭ ವೋಲ್ಟ್ ಎಂದು ಬರೆದಿದ್ದರೆ ೨೦ನ್ನು ೩.೭ರಿಂದ ಗುಣಿಸಿರಿ; ೭೪ ವಾಟ್-ಗಂಟೆ ಬರುತ್ತದೆ. ಶಾಲೆಯಲ್ಲಿ ಕಲಿತ ಗುಣಾಕಾರ ನಿಲ್ದಾಣದಲ್ಲಿ ವಾದವನ್ನು ತಪ್ಪಿಸುತ್ತದೆ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಸಾಲಮಾಡಿ ಓದಲು ಹೋಗುವ ವಿದ್ಯಾರ್ಥಿ ಕುಕ್ಕರನ್ನೂ ಸಾರಿನ ಪುಡಿಯನ್ನೂ ಒಯ್ಯುವುದು ಅಲ್ಲಿ ಕೊಳ್ಳಲು ಹಣವಿಲ್ಲದೆ ತಾನೆ? ನಿಜ. ಅಂಥವನ್ನು ಧಾರಾಳವಾಗಿ ಒಯ್ಯಲಿ. ತಾಯಿ ಹುರಿದು ಕುಟ್ಟಿದ ಪುಡಿಗೆ ಇಂಧನದ ಲೆಕ್ಕ ಹೇಳುವಷ್ಟು ಕಠಿಣರು ನಾವಲ್ಲ. ಅವು ಪಾದದ ಬಳಿಯ ಚೀಲದಲ್ಲಿರದೆ ಸಾಮಾನಿನ ಕೋಣೆಗೆ ಹೋಗಲಿ, ಶಂಕೆಯಿಂದ ಮಾತ್ರ ಸೇರಿಸಿದ ವಸ್ತುಗಳು ಮನೆಯಲ್ಲಿಯೇ ಉಳಿಯಲಿ ಎಂಬುದಷ್ಟೇ ನಮ್ಮ ಕೋರಿಕೆ. ಎರಡನೆಯ ಆಕ್ಷೇಪಣೆ, ಇಕ್ಕಟ್ಟಾದ ಆಸನ ಮಾಡಿದವರನ್ನು ಬಿಟ್ಟು ಪ್ರಯಾಣಿಕನಿಗೇಕೆ ಉಪದೇಶವೆಂಬುದು. ಇದೂ ನ್ಯಾಯವೇ. ಕಾಲಿಗೆ ಎಡೆ ಕೊಡುವುದು ಸಂಸ್ಥೆಗಳ ಹೊಣೆ. ಆ ಬೇಡಿಕೆಯನ್ನು ಕೈಬಿಡಬೇಕಾಗಿಲ್ಲ. ಆದರೆ ಕೊಟ್ಟಿರುವ ಅಲ್ಪ ಸ್ಥಳವನ್ನು ನಾವೇ ತುಂಬಿ ಮುಚ್ಚುವುದು ಆ ಬೇಡಿಕೆಗೆ ಬಲವನ್ನೇನೂ ತರದು.

ತೆಳುಗಾಳಿ, ಶುಷ್ಕತೆ, ನಿಶ್ಚಲತೆ, ಕಾಲಭೇದ ಈ ನಾಲ್ಕೂ ನಿಸರ್ಗನಿಯಮಗಳಿಂದ ಒದಗುವ ಕಷ್ಟಗಳು. ನಿಯಮವನ್ನು ಅರಿತವನಿಗೆ ಇವುಗಳಲ್ಲಿ ಬಹುಪಾಲನ್ನು ಬರಿಗೈಯಲ್ಲಿ ಎದುರಿಸಲು ಸಾಧ್ಯ. ಓದುಗರಲ್ಲಿ ಯಾರಾದರೂ ದೂರ ಹೊರಟಾಗ, ಅಥವಾ ಮನೆಯ ಹಿರಿಯರನ್ನು ಕಳುಹಿಸುವಾಗ, ಪೆಟ್ಟಿಗೆಗೆ ಸೇರಿಸುವ ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಈ ನಾಲ್ಕರಲ್ಲಿ ಯಾವ ಕಷ್ಟವನ್ನು ತೀರಿಸುವುದು, ಅಥವಾ ಹೋದೆಡೆಯಲ್ಲಿ ಯಾವ ಕೆಲಸಕ್ಕೆ ಒದಗುವುದು ಎಂದು ಕೇಳಿನೋಡಲಿ. ಉತ್ತರ ಬಾರದ ವಸ್ತುವನ್ನು ಕೆಳಗಿಡಲಿ. ಹಿರಿಯರಿಗಾದರೆ ಪೆಟ್ಟಿಗೆ ಕಟ್ಟಿಕೊಡುವುದರ ಜೊತೆಗೆ, ಕಾಲನ್ನು ಹೇಗೆ ಆಡಿಸುತ್ತಿರಬೇಕೆಂಬುದನ್ನೂ ಹತ್ತು ನಿಮಿಷ ಕುಳಿತು ತೋರಿಸಿಕೊಡಲಿ. ಅವರು ಒಯ್ಯುವ ವಸ್ತುಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಅದೇ ಆಗಿರುವುದು.